ಸ್ತವನಿಧಿಯ ರವಿವಾರ

ಲೇಡೀಸ್ ಹಾಸ್ಟೆಲ್, ಚಿಕ್ಕೋಡಿ
ಸೋಮವಾರ, 14 ಮಾರ್ಚ್ 2011

ಪೂಜ್ಯ ಮಾತಾಜಿಯವರಿಗೆ ಮೊಮ್ಮಗಳು ತ್ರಿಶಲಾಳ ವಂದಾಮಿ.

ಮೊಮ್ಮಗಳು ಎಂದು ಬರೆಯಬಾರದಿತ್ತೇನೋ. ದೀಕ್ಷೆ ತೆಗೆದುಕೊಂಡ ಮೇಲೆ ನಿಮಗೆ ಮನೆಯಿಲ್ಲ, ಮೊಮ್ಮಕ್ಕಳಿಲ್ಲ ಎಂದು ಅಪ್ಪ ಎಷ್ಟೋ ಸಲ ತಿಳಿಸಿ ಹೇಳಿದ್ದಾರೆ. ಆದರೂ ಈ ಒಂದು ಪತ್ರದಲ್ಲಿ ನಿಮ್ಮನ್ನು ಆಯಿ ಎಂದೇ ಕರೆಯುತ್ತೇನೆ. ಮಾತಾಜಿ ಎಂದರೆ ಇದನ್ನೆಲ್ಲ ಬರೆಯಲು ನನಗೆ ಕೈ ಬರುವುದಿಲ್ಲ.

ಆಯಿ, ನಿಮ್ಮ ಮೊಣಕಾಲು ನೋವು ಹೇಗಿದೆ? ಈ ಬಿಸಿಲಿನಲ್ಲಿ ಬರಿಗಾಲಲ್ಲಿ ಹೈವೇ ದಾಟುವಾಗ ಅಂಗಾಲು ಸುಡುವುದಿಲ್ಲವೇ? ಇವತ್ತು ಆಹಾರ ಸರಿಯಾಗಿ ಆಯಿತೇ? ನಿಮಗೆ ಊಟ ಆಯಿತೇ ಎಂದು ಕೇಳಬಾರದು, ಆಹಾರ ಆಯಿತೇ ಎನ್ನಬೇಕು ಎಂಬುದನ್ನೂ ನಾನು ನಿನ್ನೆಯೇ ಕಲಿತದ್ದು. ಬೆಳಿಗ್ಗೆ ಅಕೌಂಟ್ಸ್ ಕ್ಲಾಸಿನಲ್ಲಿ ಸರ್ ನನ್ನ ರೋಲ್ ನಂಬರ್ ಕೂಗಿದ್ದು ಕೇಳಿಸಲಿಲ್ಲ. ಆಯಿ ಈಗಲಾದರೂ ನೀರು ಕುಡಿದಿರಬಹುದೇ ಎಂದೇ ಕೂತಿದ್ದೆ.

ನನ್ನ ರೂಮಿನಲ್ಲಿ ಇಬ್ಬರು ಗೆಳತಿಯರಿದ್ದಾರೆ, ರಾಯಬಾಗದ ಸಾರಿಕಾ ಮತ್ತು ಮುಗಳಖೋಡದ ಕೋಮಲ. ರವಿವಾರ ಬಂತೆಂದರೆ ನಾವು ಮೂವರೂ ಬುತ್ತಿ ಕಟ್ಟಿಕೊಂಡು ಎಲ್ಲಿಗಾದರೂ ಹೊರಡುತ್ತೇವೆ. ಯಡೂರಿನ ಹೊಳೆಯ ಮೆಟ್ಟಿಲ ಮೇಲೆ ಕೂತು ಬಂದೆವು, ಜುಗೂಳದಿಂದ ದೋಣಿ ಹತ್ತಿ ಖಿದ್ರಾಪುರದ ಕಲ್ಲಿನ ಗುಡಿ ನೋಡಿದೆವು. ಅವಸರವಿಲ್ಲ, ಗೈಡ್ ಇಲ್ಲ, ನೆರಳು ಸಿಕ್ಕಲ್ಲಿ ಮಲಗುವುದು, ಸಾರಿಕಾಳ ಅಣ್ಣನ ಕ್ಯಾಮೆರಾದಲ್ಲಿ ಫೋಟೋ ಹೊಡೆಯುವುದು. ನನ್ನ ಟೆನ್ಶನ್ ಎಲ್ಲ ಆ ಒಂದು ದಿನ ಇಳಿಯುತ್ತದೆ. ನಿಮ್ಮ ಮಾತಾಜಿಯವರ ಸಂಘ ಸ್ತವನಿಧಿಯ ಬಸದಿಗೆ ಬಂದಿದೆ ಎಂದು ಅವ್ವ ಫೋನಿನಲ್ಲಿ ಹೇಳಿದಾಗ, ಈ ಸಲ ಅಲ್ಲಿಗೇ ಹೋಗೋಣ ಎಂದವಳು ನಾನು. ಆದರೆ ನೀವು ಅಲ್ಲಿದ್ದೀರಿ ಎಂದು ಗೆಳತಿಯರಿಗೆ ಹೇಳಲಿಲ್ಲ. ಗುಡ್ಡ ಚೆನ್ನಾಗಿದೆ, ಮೇಲಿನಿಂದ ಘಾಟಿನ ರಸ್ತೆ ಕಾಣುತ್ತದೆ ಎಂದಷ್ಟೇ ಹೇಳಿದೆ. ಅವರು ಫೋಟೋ ತೆಗೆಯುವಾಗ ಹತ್ತು ನಿಮಿಷ ತಪ್ಪಿಸಿಕೊಂಡು, ದೂರದಿಂದಲೇ ನಿಮಗೆ ಕೈ ಮುಗಿದು ಬರುವುದು ನನ್ನ ಪ್ಲಾನ್ ಆಗಿತ್ತು.

ಯಾಕೆ ಹೇಳಲಿಲ್ಲ ಎಂದರೆ, ನಿಮ್ಮ ದೀಕ್ಷೆಯ ಫೋಟೋ ಪೇಪರಿನಲ್ಲಿ ಬಂದ ವರ್ಷ ಬೆಳಗಾವಿಯ ಸ್ಕೂಲ್ ಹಾಸ್ಟೆಲಿನಲ್ಲಿ ಹುಡುಗಿಯರು ನನ್ನ ಸುತ್ತ ನಿಂತು, ನಿನ್ನ ಗ್ರ್ಯಾನಿ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರಂತೆ, ಹೌದಾ ಎಂದು ನಕ್ಕಿದ್ದರು. ಅವತ್ತಿನಿಂದ ಯಾರು ಕೇಳಿದರೂ, ನಮ್ಮ ಆಯಿ ಸಾಂಗಲಿಯಲ್ಲಿ ಕಾಕಾನ ಮನೆಯಲ್ಲಿದ್ದಾಳೆ ಎನ್ನುತ್ತೇನೆ. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದ ನಿಮ್ಮನ್ನು ನಾನು ಸಾಂಗಲಿಗೆ ಕಳಿಸಿಬಿಟ್ಟಿದ್ದೇನೆ.

ಇನ್ನೊಂದನ್ನು ಹೇಗೆ ಬರೆಯಲಿ? ನಿನ್ನೆ ಬೆಳಿಗ್ಗೆ ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಗಾಡಿಯವನ ಹತ್ತಿರ ಆಮ್ಲೆಟ್ ಪಾವ್ ತಿಂದೆವು. ಬೆಳಗಾವಿಯ ಹಾಸ್ಟೆಲಿನಲ್ಲಿದ್ದಾಗಿನಿಂದ ನಾನು ತತ್ತಿ ತಿನ್ನುತ್ತೇನೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗುಡಿಗೆ ಹೋಗುವವರು ನಾವು, ಇವತ್ತು ಬೇಡ ಎಂದು ನಾನು ಸ್ವಲ್ಪ ಹಿಂದೆ ಸರಿದಾಗ ಕೋಮಲ, "ತಿನ್ನ ಬೇ ಪೂಜಾರಿ, ದೇವ್ರು ಏನ್ ನಿನ್ನ ಬಾಯಿ ವಾಸ್ನಿ ನೋಡಾಕ ಕುಂತಾನೇನ" ಎಂದಳು. ನಕ್ಕೆ. ತಿಂದೆ. ಅವಳದೇನೂ ತಪ್ಪಿಲ್ಲ, ಅವಳಿಗೆ ನಮ್ಮ ಜೈನರ ಪದ್ಧತಿ ಏನು ಗೊತ್ತು?

ಸ್ತವನಿಧಿಯಲ್ಲಿ ನಮ್ಮ ಓಣಿಯ ಚಂಪಕ್ಕ ಬಂದು ಧರ್ಮಶಾಲೆಯಲ್ಲಿ ನಿಮಗಾಗಿ ಮಡಿಯಡಿಗೆ ಹೂಡಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ನನ್ನನ್ನು ಕಂಡವರೇ, ನಿಮ್ಮ ದೀಕ್ಷೆಗೆ ಮೊದಲಿನ ಹೆಸರು ಹಿಡಿದು, "ಸುಂದ್ರವ್ವನ ಮೊಮ್ಮಗಳ ಅಲ್ಲೇನ ನೀ? ಬಾರವ್ವಾ, ಸರಿ ಹೊತ್ತಿಗಿ ಬಂದಿ. ಜಳಕಾ ಮಾಡು, ನಿಮ್ಮ ಆಯಿಗಿ ನೀನೂ ಒಂದ ತುತ್ತ ಹಾಕು" ಎಂದರು. ಸಾರಿಕಾ, ಕೋಮಲ ಇಬ್ಬರೂ ನನ್ನ ಮುಖ ನೋಡಿದರು. ಆಗಲೇ ಒಲ್ಲೆ ಎನ್ನಬೇಕಿತ್ತು. ಹೊಟ್ಟೆ ನೋವು ಎಂದಿದ್ದರೂ ನಡೆಯುತ್ತಿತ್ತು. ಆದರೆ ಗೆಳತಿಯರ ಮುಂದೆ ಒಂದು ಸುಳ್ಳು ಬಯಲಾಗಿತ್ತು, ಚಂಪಕ್ಕನ ಮುಂದೆ ಇನ್ನೊಂದು ಬಯಲಾಗುವುದು ಬೇಡವಾಗಿತ್ತು. ತಣ್ಣೀರು ಸುರಿದುಕೊಂಡು, ಅವರು ಕೊಟ್ಟ ಸೀರೆ ಉಟ್ಟು ಬಂದೆ. ಅವರು ಹೇಳಿಕೊಟ್ಟ ಹಾಗೆ ನಿಮ್ಮೆದುರು ಕೈ ಜೋಡಿಸಿ, ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ ಎಂದೆ. ಬಾಯಿಯಲ್ಲಿ ಇನ್ನೂ ಆಮ್ಲೆಟ್ಟಿನ ಉಳ್ಳಾಗಡ್ಡಿಯ ರುಚಿ ಇತ್ತು.

ನೀವು ಬೊಗಸೆಯೊಡ್ಡಿ ಕೂತಿದ್ದಿರಿ. ಎಷ್ಟು ಸಣ್ಣಗಾಗಿದ್ದೀರಿ ಆಯಿ. ಚಂಪಕ್ಕ ಎರಡು ತುತ್ತು ಇಟ್ಟರು, ಆಮೇಲೆ ನಾನು ಒಂದಿಟ್ಟೆ. ನೀವು ಅಂಗೈ ನೋಡಿದಿರಿ, ನನ್ನ ಮುಖ ನೋಡಲಿಲ್ಲ. ಬೊಗಸೆ ಬಿಚ್ಚಿ, ಎದ್ದುಬಿಟ್ಟಿರಿ. ಅಂತರಾಯ, ಅಂತರಾಯ ಎಂದು ಹೆಂಗಸರು ಗುಸುಗುಸು ಅಂದರು. ನನಗೆ ಆ ಮಾತಿನ ಅರ್ಥವೂ ಸರಿಯಾಗಿ ಗೊತ್ತಿರಲಿಲ್ಲ. ಆಹಾರದ ನಡುವೆ ವಿಘ್ನ ಬಂದರೆ ಅಲ್ಲಿಗೇ ಮುಗಿಯಿತು ಎಂದು ಚಂಪಕ್ಕ ಹೇಳಿದರು. ಸಾರಿಕಾ ಬಾಗಿಲಾಚೆ ನಿಂತೇ, "ಒಂದ ಲೋಟಾ ನೀರರ ಕುಡೀಬಾರದೇನ್ರಿ?" ಎಂದು ಕೇಳಿದಳು. "ಇಲ್ಲವ್ವಾ. ಇನ್ನ ನಾಳೆ ಈ ಹೊತ್ತಿಗಿ" ಎಂದರು ಚಂಪಕ್ಕ.

ಆಮೇಲೆ ಅವರು ಪಾತ್ರೆಯಲ್ಲಿದ್ದ ಅನ್ನವನ್ನು ಕೈಯಿಂದ ಹರಡಿ ಹರಡಿ ನೋಡಿದರು. ಒಂದು ಕೂದಲು ಸಿಕ್ಕಿತು. ನೆರೆತದ್ದು. "ನಂದೇ. ನನ್ನ ಪಾಪಾ ನೋಡ್ರಿ, ಇಷ್ಟ ದೂರಿಂದ ಬಂದು ಅವರನ್ನ ಉಪಾಸ ಕೆಡವಿದ್ನಿ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದರು. ಅವರೂ ನಿನ್ನೆ ಇಡೀ ದಿನ ನೀರು ಮುಟ್ಟಲಿಲ್ಲವಂತೆ. ನಾನು ಪಕ್ಕದಲ್ಲೇ ನಿಂತಿದ್ದೆ ಆಯಿ. ಕೂದಲು ನನ್ನದಲ್ಲ ಎಂದು ಕಂಡಾಗ ನನಗೆ ಹಗುರವಾಯಿತು. ನಿಮ್ಮ ಬೊಗಸೆಯಲ್ಲಿ ಏನು ಕಂಡಿತೋ ನಿಮಗೇ ಗೊತ್ತು. ಆದರೆ ಆ ಹೆಂಗಸು ಅಳುವಾಗ ನಾನು ಹಗುರವಾದೆನಲ್ಲ, ಅದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ಮಧ್ಯಾಹ್ನ ಗುಡ್ಡದ ಮೇಲೆ ಮರದಡಿ ಬುತ್ತಿ ಬಿಚ್ಚಿದೆವು. ನಾನೂ ಉಂಡೆ. ಹಸಿವಾಗಿತ್ತು, ಶೇಂಗಾ ಚಟ್ನಿ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡು, ಬಾಟಲಿ ನೀರು ಕುಡಿದೆ. ಕೆಳಗೆ ಧರ್ಮಶಾಲೆಯ ಹೆಂಚು ಕಾಣುತ್ತಿತ್ತು. ಅದರ ಕೆಳಗೆ ನೀವು ಬಾಯಾರಿ ಕೂತಿದ್ದಿರಿ. ಬಸ್ಸಿನಲ್ಲಿ ಸಾರಿಕಾ, "ಅಂಥಾ ಆಯಿನ್ನ ಮುಚ್ಚಿಡತಾರೇನಲೇ ಯಾರರೆ?" ಎಂದಳು. ಸಿಟ್ಟಿನಿಂದಲ್ಲ. ನಾನು ಕಿಟಕಿಯ ಕಡೆ ತಿರುಗಿ ತಂಬಾಕಿನ ಹೊಲ ನೋಡುತ್ತ ಕೂತೆ.

ರಾತ್ರಿ ಅವ್ವ ಫೋನ್ ಮಾಡಿದ್ದಳು. ಚಂಪಕ್ಕ ಅವಳಿಗೆ ಎಲ್ಲ ಹೇಳಿದ್ದಾರೆ. ಬೈಯುತ್ತಾಳೆ ಎಂದುಕೊಂಡರೆ, "ಅಂತರಾಯ ಆದ್ರ ಆಗ್ಲಿ, ನಿನ್ನ ಕೈ ತುತ್ತು ಅತ್ತಿ ಬೊಗಸಿಗಿ ಬಿತ್ತಲ್ಲಾ, ನನಗ ಇನ್ನೂ ಆ ಪುಣ್ಯ ಸಿಕ್ಕಿಲ್ಲ" ಎಂದು ಅತ್ತಳು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಚಂಪಕ್ಕನಿಗೆ ನೀವು ಏನೂ ಹೇಳಬೇಡಿ, ನಾನೇ ಹೋಗಿ ಹೇಳಬೇಕು. ಸಂಘದ ಎಲ್ಲ ಮಾತಾಜಿಯವರಿಗೂ ನನ್ನ ವಂದಾಮಿ. ನನಗೆ ಆಶೀರ್ವಾದ ಕೇಳಲು ಬಾಯಿಲ್ಲ, ಕೊಟ್ಟರೆ ತಲೆಯೊಡ್ಡುತ್ತೇನೆ.

ನಿಮ್ಮ
ತ್ರಿಶಲಾ

ತಾ.ಕ.: ಮೆಸ್ಸಿನ ಗಂಟೆ ಹೊಡೆಯಿತು, ಬೇಗ ಬರೆಯುತ್ತೇನೆ. ಸ್ತವನಿಧಿಯಿಂದ ಸಂಘ ನಮ್ಮ ಐನಾಪುರಕ್ಕೇ ಬರುತ್ತದಂತೆ. ನಿಮ್ಮನ್ನು ಆಹಾರಕ್ಕೆ ಕರೆಯಲು ಬಾಗಿಲಲ್ಲಿ ಹಿಡಿದು ನಿಲ್ಲುವ ಕಲಶವನ್ನು ಅವ್ವ ಈಗಿನಿಂದಲೇ ಬೆಳಗಿಟ್ಟಿದ್ದಾಳೆ. ನೀವು ಓಣಿಗೆ ಬರುವ ದಿನ ನಾನೂ ರಜೆ ಹಾಕಿ ಬಂದು, ಬಾಗಿಲಲ್ಲಿ ಅವಳ ಪಕ್ಕ ನಿಂತು, ಮನ ಶುದ್ಧ, ವಚನ ಶುದ್ಧ ಎಂಬ ಅದೇ ಮಾತು ಹೇಳಬೇಕಂತೆ. ಅದಕ್ಕೆ ಮೊದಲೇ ಅವಳಿಗೆ ಆಮ್ಲೆಟ್ಟಿನಿಂದ ಹಿಡಿದು ಎಲ್ಲ ಹೇಳಿಬಿಡಬೇಕು ಎಂದುಕೊಂಡಿದ್ದೇನೆ. ಹೇಳಿದ್ದರೆ ಬಾಗಿಲಲ್ಲಿ ಅವಳೊಬ್ಬಳೇ ಇರುತ್ತಾಳೆ, ನಾನು ಓಣಿಯ ಆಚೆ ನಿಂತಿರುತ್ತೇನೆ. ನೀವು ಒಳಗೆ ಹೋಗಿ, ಅವ್ವ ಬಹಳ ವರ್ಷದಿಂದ ಕಾಯುತ್ತಿದ್ದಾಳೆ. ಆದರೆ ನಾನೂ ಅವಳ ಪಕ್ಕದಲ್ಲಿ ಕೈ ಜೋಡಿಸಿ ನಿಂತದ್ದು ಕಂಡರೆ, ನನ್ನಿಂದ ಹೇಳಲಾಗಲಿಲ್ಲ ಎಂದು ತಿಳಿಯಿರಿ. ಆಗ ನಮ್ಮ ಮನೆ ದಾಟಿ ಮುಂದಿನ ಮನೆಗೆ ನಡೆದುಬಿಡಿ, ಆಯಿ.