ನೀರಿನ ತೊಟ್ಟಿಯ ಹಿಂದಿನ ಹನ್ನೊಂದು ಗಿಡ

ಬುಧವಾರ, ಆಗಸ್ಟ್ ೧೪
ಬೆಳಿಗ್ಗೆ, ಆಫೀಸಿಗೆ ಹೊರಡುವ ಮುನ್ನ

ನನ್ನ ಮುದ್ದಿನ ತಂಗಿ ಗುಬ್ಬಿಗೆ, ನಿನ್ನಣ್ಣ ಬಾಯಿ ತುಂಬ ಹರಸಿ ಬರೆಯುವುದು.

ಆರು ದಿನದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ತೆಗೆಯಲಿಲ್ಲ. ತಪ್ಪಾಯಿತು. ನಾಟಕದವರ ಮನೆಯಲ್ಲಿ ಹುಟ್ಟಿ, ಸಾವಿರ ಜನರೆದುರು ಮೈಕಿಲ್ಲದೆ ಗುಡುಗಿದವನು, ನಿನ್ನ ಹೆಸರು ಫೋನಿನಲ್ಲಿ ಕಂಡರೆ ಮಾತು ಮರೆತ ಪಾತ್ರಧಾರಿಯಂತೆ ಬೆವರುತ್ತೇನೆ. ಅದಕ್ಕೇ ಕಾಗದ; ನಾಳೆ ಅಂಚೆಗೆ ರಜೆ, ಇವತ್ತೇ ನಿನ್ನ ಕೈ ಸೇರಲೆಂದು ಆಳಿನ ಕೈಯಲ್ಲಿ ಕಳಿಸುತ್ತಿದ್ದೇನೆ. ಇಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಮೊದಲು ಮನೆಯ ಸುದ್ದಿ. ನಿನ್ನ ಅತ್ತಿಗೆಯ ಮಂಡಿನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ನಾನು ಯೋಚನೆಯಲ್ಲಿ ಹೂಕುಂಡಗಳ ನಡುವೆ ಟೇಪು ಹಿಡಿದದ್ದನ್ನು ಕಂಡು, "ನನ್ನನ್ನೂ ಒಂದ್ಸಲ ಅಳೆದು ವರದಿ ಬರ್ಕೊಂಬಿಡಿ" ಎಂದಳು. ನಗು ಬರಲಿಲ್ಲ.

ಈಗ ಪರದೆ ಎತ್ತುತ್ತೇನೆ, ಗಟ್ಟಿಯಾಗಿ ಕೂತುಕೋ.

ಕಾಂಡಕೊರಕ ಹುಳ ಮುಟ್ಟದ ಆ ಕುಲಾಂತರಿ ಮೆಕ್ಕೆಜೋಳಕ್ಕೆ ನೀನು ಒಂಬತ್ತು ವರ್ಷ ಸುರಿದಿದ್ದೀಯ. ಅದರ ಪರಾಗ ಹಾರಿ ಊರಿನ ಬೆಳೆಗೆ ತಗುಲಬಾರದು. ಪ್ರಯೋಗದ ಹೊಲದ ಸುತ್ತ ಮುನ್ನೂರು ಮೀಟರಿನೊಳಗೆ ಬೇರೆ ಮೆಕ್ಕೆಜೋಳದ ಒಂದು ಗಿಡವೂ ಇರಬಾರದು. ಸುರಕ್ಷತಾ ಸಮಿತಿಯ ಷರತ್ತು ಅದು. ಅದನ್ನು ಅಳೆದು ಸಹಿ ಹಾಕುವ ಪರಿವೀಕ್ಷಕ ನಾನು. ಹದಿನೈದು ದಿನಕ್ಕೊಮ್ಮೆ ಬಿಸಿಲಲ್ಲಿ ಸುತ್ತಿ ಪ್ರತಿ ಹೊಲವನ್ನೂ ನಮೂನೆಯಲ್ಲಿ ತುಂಬಿದೆ. ನಮ್ಮ ನಮೂನೆಯಲ್ಲಿ ಹೊಲಕ್ಕೆ ಒಂದು ಸಾಲು, ಕಟ್ಟಡಕ್ಕೆ ಒಂದು ಸಾಲು. ನಿನ್ನ ಹೊಲ ಕಾಯುವ ಕಾವಲುಗಾರನ ಮನೆಯನ್ನು 'ಕಟ್ಟಡ' ಎಂದು ಬರೆದು ಮುಂದೆ ಹೋದೆ. ಪ್ರತಿ ಸಲವೂ.

ಕಳೆದ ಗುರುವಾರ ಕೈ ತೊಳೆಯಲು ಅವನ ಹಿತ್ತಲಿಗೆ ಹೋದೆ. ನೀರಿನ ತೊಟ್ಟಿಯ ಹಿಂದೆ, ಬಚ್ಚಲ ನೀರು ಕುಡಿದು ಕೊಬ್ಬಿದ ಹನ್ನೊಂದು ಮೆಕ್ಕೆಜೋಳದ ಗಿಡ! ನಿನ್ನ ಹೊಲದಿಂದ ತೊಂಬತ್ತೇ ಮೀಟರು. ತೆನೆಯ ರೇಷ್ಮೆಕೂದಲು ಆಗಲೇ ಕಂದಿತ್ತು. ಅಂದರೆ ಪರಾಗ ಬಿದ್ದಾಗಿತ್ತು. ಯಾವ ಪರಾಗ ಎಂದು ನಿನಗೆ ನಾನು ಬಿಡಿಸಿ ಹೇಳಬೇಕೆ?

ಕಾವಲುಗಾರನ ಹೆಂಡತಿಯನ್ನು ಕರೆದು ಕೇಳಿದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಹೋದ ತಿಂಗಳು ನೀವೇ ಇಲ್ಲಿ ನಿಂತು ನೀರು ಕುಡಿದ್ರಲ್ಲ ಸಾರ್. ಗಿಡ ಚೆನ್ನಾಗಿ ಬಂದಿದೆಯಮ್ಮ ಅಂದ್ರಿ."

ಅಂದಿದ್ದೆ, ಗುಬ್ಬಿ. ಹೊಲ ಹುಡುಕುವ ಕಣ್ಣಿಗೆ ಹಿತ್ತಲು ಕಾಣಲಿಲ್ಲ.

ಗಿಡಗಳನ್ನು ಕಿತ್ತು, ತೆನೆ ಎಣಿಸಿ, ಚೀಲಕ್ಕೆ ಹಾಕಿ ಮೊಹರು ಒತ್ತಿದೆ. ಮೂರು ತೆನೆ ಕಡಿಮೆ ಇದ್ದವು. ಎಳೆಯದರಲ್ಲೇ ಸುಟ್ಟು ಮಕ್ಕಳಿಗೆ ಕೊಟ್ಟಿದ್ದಳಂತೆ. ಬೀಜಕ್ಕೆಂದು ಒಂದನ್ನೂ ಯಾರಿಗೂ ಕೊಟ್ಟಿಲ್ಲವೆಂದು ಆಣೆ ಮಾಡಿದಳು. ಚೀಲಕ್ಕೆ ಅರಗು ಹಾಕುತ್ತಿದ್ದಾಗ ಹತ್ತಿರ ಬಂದು ಮೆಲ್ಲಗೆ, "ಮಕ್ಕಳಿಗೆ ಏನಾದ್ರೂ ಆಗುತ್ತಾ ಸಾರ್?" ಎಂದಳು.

ಏನೂ ಆಗಲ್ಲಮ್ಮ ಎನ್ನಲು ಬಾಯಿ ತೆರೆದೆ. ಆಗದು ಎಂದು ನೀನು ನೂರು ಸಲ ಹೇಳಿದ್ದೀಯ, ನಾನು ನಂಬಿದ್ದೇನೆ. ಆದರೆ ಸರ್ಕಾರ ಇನ್ನೂ ಹಾಗೆಂದು ಹೇಳಿಲ್ಲ. ಆ ಕಡತ ಸಮಿತಿಯ ಮೇಜಿನ ಮೇಲೇ ಇದೆ. ಅವಳ ಮುಂದೆ ನಿಂತದ್ದು ನಿನ್ನ ಅಣ್ಣನಲ್ಲ, ಸರ್ಕಾರ. "ವೈದ್ಯರಿಗೆ ತೋರಿಸೋಣ, ನಾನೇ ಕರ್ಕೊಂಡು ಹೋಗ್ತೀನಿ" ಎಂದೆ. ಅವಳ ಮುಖ ಬಿಳಿಚಿಕೊಂಡಿತು. ಮಕ್ಕಳು ಗುಂಡುಕಲ್ಲಿನಂತಿದ್ದಾರೆ, ವೈದ್ಯರು ನಕ್ಕು ಕಳಿಸಿದರು. ಆದರೂ ಅವಳು ದಿನಾ ಅವರ ಹಣೆ ಮುಟ್ಟಿ ನೋಡುತ್ತಾಳಂತೆ.

ಸೋಮವಾರ ಎಲ್ಲವನ್ನೂ ವರದಿಯಲ್ಲಿ ಬರೆದು ಕೊಟ್ಟೆ. ನಿನಗೆ ಮೊದಲು ಹೇಳದೆ ಕೊಟ್ಟೆ, ಕ್ಷಮಿಸು. ಸಮಿತಿಯ ಅಧ್ಯಕ್ಷೆ ಓದಿ, ಕನ್ನಡಕ ತೆಗೆದಿಟ್ಟು, ಈ ಹಂಗಾಮಿನ ಬೆಳೆ ಸುಡಬೇಕಾಗುತ್ತದೆ ಎಂದರು. ಆಮೇಲೆ ಅವರೇ, "ಹಿಂದಿನ ಎರಡು ಹಂಗಾಮಿನ ಅಂಕಿಅಂಶಕ್ಕೆ ಏನೂ ಆಗಲ್ಲ ಬಿಡಿ. ತನ್ನ ತಪ್ಪು ತಾನೇ ಬರ್ಕೊಡೋರು ಅಳೆದಿದ್ದಲ್ವಾ, ಯಾರು ಅನುಮಾನಪಡ್ತಾರೆ?" ಎಂದರು. ಶುಕ್ರವಾರ ಹತ್ತು ಗಂಟೆಗೆ ಸಭೆ. ಒಂದು ಹಂಗಾಮು ಹೋಯಿತು. ಒಂಬತ್ತು ವರ್ಷ ಉಳಿಯಿತು ಅಂದುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ಹಿಡಿದ ಕೆಲಸ ಕೈ ಬಿಡದಿರಲಿ.

ನಿನ್ನ
ಅಣ್ಣ

ಮ.ರೆ: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಎರಡು ವರ್ಷದ ಹಿಂದೆ ಈ ಕೆಲಸ ವಹಿಸಿಕೊಳ್ಳುವಾಗ ಒಂದು ಘೋಷಣಾಪತ್ರ ತುಂಬಬೇಕಿತ್ತು. 'ಅರ್ಜಿದಾರರೊಂದಿಗೆ ರಕ್ತಸಂಬಂಧ' ಎಂಬಲ್ಲಿ, ಅರ್ಜಿದಾರಳು ನೀನಾಗಿದ್ದೂ, 'ಇಲ್ಲ' ಎಂದು ಬರೆದೆ. ಆಫೀಸಿಗೆ ಹೇಳಿದ್ದೀಯಾ ಎಂದು ನೀನು ಕೇಳಿದ್ದೆ, ಹೇಳಿದ್ದೀನಿ ಎಂದಿದ್ದೆ. ನಿಜ ಬರೆದಿದ್ದರೆ ನಿನ್ನ ಹೊಲ ಜೀಪಿನಿಂದಿಳಿಯದೆ ಸಹಿ ಹಾಕುವ ಇನ್ನೊಬ್ಬ ಪರಿವೀಕ್ಷಕನ ಪಾಲಾಗುತ್ತಿತ್ತು. ನಿನ್ನ ಬೆಳೆಯನ್ನು ನನ್ನಷ್ಟು ನಿಷ್ಠೆಯಿಂದ ಯಾರು ಕಾಯುತ್ತಾರೆ ಎಂಬ ಹಮ್ಮು ನನಗೆ. 'ಯಾರು ಅನುಮಾನಪಡ್ತಾರೆ' ಎಂದು ಅಧ್ಯಕ್ಷೆ ಅಂದ ಮೇಲೆ ಆ ಪತ್ರದ ನಕಲು ತೆಗೆದು ಮತ್ತೆ ಮತ್ತೆ ನೋಡುತ್ತಿದ್ದೇನೆ. ಶುಕ್ರವಾರ ಸಭೆಯಲ್ಲಿ ಎದ್ದು ನಿಂತು ಹೇಳಬೇಕೆಂದಿದ್ದೇನೆ. ಹೇಳಿದರೆ ನನ್ನ ಸಹಿ ಇರುವ ಮೂರೂ ಹಂಗಾಮು ರದ್ದು. ಫೋನ್ ಮಾಡು, ಈ ಸಲ ತೆಗೆಯುತ್ತೇನೆ. ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ. ಸುಮ್ಮನಿರು ಅಣ್ಣ ಎಂದು ಮಾತ್ರ ಅನ್ನಬೇಡ. ನೀನು ಅಂದರೆ, ಸುಮ್ಮನಿದ್ದುಬಿಡುತ್ತೇನೆ.