ಸೇದದವನಿಗೆ ಸ್ಕ್ಯಾನ್ ಇಲ್ಲ

ಮಾನ್ಯ ಆರೋಗ್ಯ ನಿರ್ದೇಶಕರೇ,

ತಮ್ಮ ಸುತ್ತೋಲೆ ಒಬ್ಬ ಕಲ್ಲುಕೆಲಸದವನನ್ನು ಕೊಂದಿತು ಎಂದು ಈ ಪತ್ರವನ್ನು ಶುರು ಮಾಡಿದ್ದೆ. ಬರೆದು, ಹೊಡೆದು ಹಾಕಿದೆ. ವೈದ್ಯಳಾದವಳು ಹಾಗೆ ಬರೆಯಬಾರದು. ಅವನನ್ನು ಕೊಂದದ್ದು ಶ್ವಾಸಕೋಶದ ಕ್ಯಾನ್ಸರ್. ಆ ಗಡ್ಡೆ ಇನ್ನೂ ಕಡಲೆಕಾಳಿನಷ್ಟು ಇದ್ದಿರಬಹುದಾದ ಕಾಲದಲ್ಲಿ, ಅದನ್ನು ನೋಡಬಲ್ಲ ಯಂತ್ರದ ಮೆಟ್ಟಿಲಿನಿಂದ ಅವನನ್ನು ವಾಪಸ್ ಕಳಿಸಿದ್ದು ಮಾತ್ರ ತಮ್ಮ ಸುತ್ತೋಲೆ. ಕಾರಣ, ಅವನು ಸಿಗರೇಟು ಸೇದುತ್ತಿರಲಿಲ್ಲ.

ನಾನು ತಮ್ಮದೇ ಇಲಾಖೆಯ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್. ದೀಪ ಆರಿಸಿದ ಕೋಣೆಯಲ್ಲಿ ಕೂತು ಜನರ ಎದೆಯೊಳಗನ್ನು ನೋಡುವುದು ನನ್ನ ಕಸುಬು. ನೌಕರಿಯ ಮೊದಲ ಅರ್ಧ ಎಕ್ಸ್‌ರೇ ನೋಡುತ್ತ ಕಳೆಯಿತು. ಶ್ವಾಸಕೋಶದ ಕ್ಯಾನ್ಸರ್ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣಿಸುವಷ್ಟು ಬೆಳೆದಾಗ, ಬಹಳ ಸಲ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ. ಹಾಗೆ ತಡವಾದ ಸುದ್ದಿಯನ್ನೇ ಬರೆದು ಬರೆದು ಸಾಕಾಗಿ, ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನಿನಿಂದ ರೋಗವನ್ನು ಮೊದಲೇ ಹಿಡಿಯುವ ಸಂಶೋಧನೆಗೆ ಇಳಿದೆ. ಕಲ್ಲು ಕೊಯ್ಯುವವರು, ಪಾಲಿಶ್ ಮಾಡುವವರು, ವೆಲ್ಡಿಂಗಿನವರು, ಹೀಗೆ ದೂಳು ಹೊಗೆ ಕುಡಿದು ದುಡಿಯುವವರ ಬಾಗಿಲಿಗೇ ಯಂತ್ರ ಹೋಗಲಿ ಎಂದು ಒಂದು ಬಸ್ಸಿನೊಳಗೆ ಸ್ಕ್ಯಾನರ್ ಕೂರಿಸಿದೆವು. "ಅಮ್ಮನಿಗೆ ನಮ್ಮ ಮುಖ ಗೊತ್ತಿಲ್ಲ, ಊರಿನವರ ಪುಪ್ಪುಸ ಎಲ್ಲಾ ಗೊತ್ತು" ಎಂದು ನನ್ನ ಮಗಳು ನೆಂಟರ ಮುಂದೆ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಬಸ್ಸಿನ ಮೊದಲ ಸುತ್ತಿನಲ್ಲೇ ನನಗೆ ಅಣ್ಣತಮ್ಮಂದಿರಿಬ್ಬರ ಪರಿಚಯವಾಯಿತು. ಕಲ್ಲು ಪಾಲಿಶ್ ಮಾಡುವ ಶೆಡ್ಡಿನಲ್ಲಿ ಇಬ್ಬರೂ ಒಂದೇ ಯಂತ್ರದ ಆಚೆ ಈಚೆ ನಿಲ್ಲುವವರು. ಶೆಡ್ಡಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದೊಡ್ಡಣ್ಣ, ಚಿಕ್ಕಣ್ಣ, ಅಷ್ಟೇ. ದೊಡ್ಡಣ್ಣನ ಬಾಯಿಂದ ಸಿಗರೇಟು ಇಳಿಯುತ್ತಿರಲಿಲ್ಲ. ಚಿಕ್ಕಣ್ಣ ಅದನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಅಣ್ಣ ಪಕ್ಕದಲ್ಲಿ ಹೊತ್ತಿಸಿದರೆ ಕಿತ್ತು ನೀರಿನ ಬಕೆಟ್ಟಿಗೆ ಎಸೆಯುವವನು. ಅವತ್ತು ಅಣ್ಣನ ರಟ್ಟೆ ಹಿಡಿದು ಬಸ್ಸಿನ ತನಕ ತಂದವನೂ ಅವನೇ.

"ಎಳ್ಕೊಂಡು ಬಂದಿದ್ದೀನಿ ಡಾಕ್ಟ್ರೇ, ಓಡಿಹೋಗದ ಹಾಗೆ ನೋಡ್ಕೊಳ್ಳಿ" ಎಂದ.

"ನಂಗೇನಾಗಿದೆಯೋ? ನಿಂಗೆ ಮಾಡೋಕೆ ಬೇರೆ ಕೆಲಸ ಇಲ್ಲ" ಎಂದು ದೊಡ್ಡಣ್ಣ ಗೊಣಗಿದ.

"ನೀವೂ ಮಲಗಿ, ಎರಡು ನಿಮಿಷದ ಕೆಲಸ" ಎಂದು ನಾನು ಚಿಕ್ಕಣ್ಣನಿಗೆ ಹೇಳಿದೆ.

"ಇಬ್ರೂ ಬಂದ್ರೆ ಮಷೀನ್ ನಿಂತುಹೋಗುತ್ತೆ, ಯಜಮಾನ್ರು ಕೂಗಾಡ್ತಾರೆ. ಮುಂದಿನ ಸಲ ನಾನು" ಎಂದು ಹೊರಟುಹೋದ.

ದೊಡ್ಡಣ್ಣನ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಚಿಕ್ಕ ಗಂಟು ಸಿಕ್ಕಿತು. ಅವನಿಗೆ ಕೆಮ್ಮಿರಲಿಲ್ಲ, ನೋವಿರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗವನ್ನು ತೆಗೆದರು. ರೋಗ ಬೇರೆಲ್ಲೂ ಹರಡಿರಲಿಲ್ಲ. ಚೇತರಿಸಿಕೊಂಡ, ತಮ್ಮನ ಕಾಟಕ್ಕೆ ಸಿಗರೇಟನ್ನೂ ಬಿಟ್ಟ, ಶೆಡ್ಡಿಗೆ ಮರಳಿದ. ಅವನ ಪರಿಚಯ ತಮಗೂ ಇದೆ. ನಮ್ಮ ಸಂಶೋಧನೆಯನ್ನು ತಾವು ಇಲಾಖೆಯ ಯೋಜನೆಯಾಗಿ ಘೋಷಿಸಿದ ಸಮಾರಂಭದಲ್ಲಿ ಅವನ ಕೈ ಕುಲುಕಿದಿರಿ. ಆ ಫೋಟೋ ಈಗ ನಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿದೆ. ತಾವು ಕ್ಯಾಮೆರಾ ನೋಡುತ್ತಿದ್ದೀರಿ, ಅವನು ತಮ್ಮನ್ನು ನೋಡುತ್ತಿದ್ದಾನೆ.

ಯೋಜನೆ ತಮ್ಮ ಕೈಗೆ ಬಂದ ಮೇಲೆ ಅದಕ್ಕೊಂದು ಸುತ್ತೋಲೆ ಬೇಕಾಯಿತು. ಇಂತಿಷ್ಟು ವರ್ಷ ಧೂಮಪಾನ ಮಾಡಿದವರಿಗೆ ಮಾತ್ರ ತಪಾಸಣೆ, ಉಳಿದವರು ಅನರ್ಹರು. ಕಸುಬಿನ ಪ್ರಸ್ತಾಪವೇ ಇಲ್ಲ. ಎರಡನೇ ಸುತ್ತಿಗೆ ಬಸ್ಸು ಅದೇ ಶೆಡ್ಡಿನ ಮುಂದೆ ನಿಂತಾಗ, ಕೈಕಾಲು ತೊಳೆದು, ತಲೆ ಬಾಚಿ, ಚಿಕ್ಕಣ್ಣ ಮೊದಲಿಗನಾಗಿ ಬಂದು ನಿಂತಿದ್ದ. ನಮ್ಮ ನರ್ಸು ಸುತ್ತೋಲೆಯ ಪ್ರಕಾರ ಕೇಳಿದರು. ಅವನು ಎದೆಯುಬ್ಬಿಸಿ "ಇಲ್ಲ, ಯಾವತ್ತೂ ಸೇದಿಲ್ಲ" ಎಂದ. ನರ್ಸು ನನ್ನ ಮುಖ ನೋಡಿದರು.

"ಅಂದ್ರೆ ನಂಗಿಲ್ವಾ?" ಎಂದು ಕೇಳಿದ.

ನಿಯಮ ಹೀಗಿದೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ನಕ್ಕುಬಿಟ್ಟ. "ಒಳ್ಳೇ ಕತೆಯಾಯ್ತಲ್ಲ ಡಾಕ್ಟ್ರೇ! ಚಟ ಇದ್ದೋನಿಗೆ ಮರ್ಯಾದೆ, ಇಲ್ದೋನಿಗೆ ಗೇಟ್‌ಪಾಸು. ನಾಳೆಯಿಂದ ಶುರು ಹಚ್ಕೊಳ್ಲಾ ಹಂಗಾದ್ರೆ?"

ಆಸ್ಪತ್ರೆಗೇ ಬನ್ನಿ, ಅಲ್ಲಿ ಮಾಡಿಸುತ್ತೇನೆ ಎಂದೆ. ಅವನು ಕೂಲಿ ಬಿಟ್ಟು ಬಂದ. ಹೊರರೋಗಿ ವಿಭಾಗದಲ್ಲಿ "ಏನು ತೊಂದರೆ?" ಎಂದು ಕೇಳಿದ್ದಾರೆ. ಇವನು "ಏನೂ ಇಲ್ಲ" ಎಂದಿದ್ದಾನೆ. ತೊಂದರೆಯೇ ಇಲ್ಲದವನಿಗೆ ಸ್ಕ್ಯಾನ್ ಬರೆದುಕೊಡಲು ಅವರಿಗೆ ಅಧಿಕಾರವಿಲ್ಲ, ಅವರ ಚೀಟಿಯಿಲ್ಲದೆ ಸ್ಕ್ಯಾನ್ ಮಾಡಲು ನನಗೂ ಇಲ್ಲ. ಅದೂ ತಮ್ಮದೇ ಇನ್ನೊಂದು ಸುತ್ತೋಲೆ. ಕೆಮ್ಮು ಬಂದಾಗ ಬನ್ನಿ ಎಂದು ಕಳಿಸಿದರಂತೆ. ಕಲ್ಲಿನ ದೂಳಿನಿಂದಲೂ ಈ ಕ್ಯಾನ್ಸರ್ ಬರುತ್ತದೆ, ದೂಳಿನ ಕಸುಬಿನವರಿಗೆ ವಿನಾಯಿತಿ ಕೊಡಿ ಎಂದು ನಾನು ತಮಗೆ ಬರೆದೆ. ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಮತ್ತೆ ಬರೆದೆ. ಅದೇ ಉತ್ತರ, ಅದೇ ಅಕ್ಷರಗಳು. ಇಷ್ಟು ದೀರ್ಘವಾಗಿ ಪರಿಶೀಲಿಸಿದ ಮೇಲೂ ಏನೂ ಕಾಣಿಸದಿದ್ದರೆ, ನಮ್ಮ ವಿಭಾಗದಲ್ಲಾದರೆ ಕಣ್ಣು ತೋರಿಸಿಕೊಂಡು ಬಾ ಎನ್ನುತ್ತೇವೆ.

ತಮ್ಮ ವಾದ ನನಗೆ ಗೊತ್ತಿಲ್ಲದ್ದೇನಲ್ಲ. ಸಿಕ್ಕಸಿಕ್ಕವರಿಗೆಲ್ಲ ಸ್ಕ್ಯಾನ್ ಮಾಡಿದರೆ ನಿರುಪದ್ರವಿ ಮಚ್ಚೆಗಳು ಕಾಣುತ್ತವೆ, ಜನ ಹೆದರುತ್ತಾರೆ, ಬೇಡದ ಸೂಜಿ, ಬೇಡದ ಕತ್ತರಿ. ಇದನ್ನೇ ನಾನು ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಆದ್ದರಿಂದಲೇ ಯಾರಿಗೆ ಅಪಾಯ ಹೆಚ್ಚು ಎಂದು ಹುಡುಕುವುದರಲ್ಲಿ ನನ್ನ ತಲೆ ನೆರೆಯಿತು. ಗೆರೆ ಎಳೆಯಲೇಬೇಕು, ಒಪ್ಪಿದೆ. ದಿನವಿಡೀ ಕಲ್ಲಿನ ಪುಡಿ ಕುಡಿಯುವವನು ಆ ಗೆರೆಯ ಯಾವ ಕಡೆ ಎಂದು ಕೇಳುವ ಸೌಜನ್ಯವಾದರೂ ಬೇಡವೇ? ಶ್ವಾಸಕೋಶಕ್ಕೆ ಶೀಲ ತಿಳಿಯುತ್ತದೆಯೇ? ಇವನು ಸಜ್ಜನ, ಇವನನ್ನು ಬಿಟ್ಟುಬಿಡೋಣ ಎಂದು ದೂಳು ಪಕ್ಕಕ್ಕೆ ಸರಿದು ನಿಲ್ಲುತ್ತದೆಯೇ?

ಕೆಮ್ಮು ಬಂತು. ಹೇಳಿದ ಮಾತಿನಂತೆ ಚಿಕ್ಕಣ್ಣನೂ ಬಂದ. ಅವನ ಸ್ಕ್ಯಾನ್ ನನ್ನ ಪರದೆಗೇ ಬಂತು. ಮೂಲೆಯಲ್ಲಿದ್ದ ಹೆಸರನ್ನು ಓದಿದೆ, ಆಮೇಲೆ ಚಿತ್ರವನ್ನು ಓದಿದೆ. ಬಲ ಶ್ವಾಸಕೋಶದಲ್ಲಿ ಗಡ್ಡೆ. ಯಕೃತ್ತಿನಲ್ಲಿ, ಬೆನ್ನುಮೂಳೆಯಲ್ಲಿ ಅದರ ಮರಿಗಳು. ಅಳತೆ ಹಾಕಿದೆ, ವರದಿ ಬರೆದೆ, ಮುಂದಿನ ರೋಗಿಯ ಚಿತ್ರ ತೆರೆದೆ. ನನಗೆ ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ. ಮಧ್ಯಾಹ್ನ ಡಬ್ಬಿ ತೆರೆದು ಊಟ ಮಾಡಿದೆ. ಮನೆಗೆ ಬಂದಾಗ "ಯಾಕೆ ಹೀಗಿದ್ದೀಯ?" ಎಂದು ನಮ್ಮ ಯಜಮಾನರು ಕೇಳಿದರು. "ಹೇಗಿದ್ದೀನಿ?" ಎಂದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ. ಈಗಲೂ ಹಾಗೇ ಇದ್ದೇನೆ. ಈ ಪತ್ರದಲ್ಲಿ ಎಲ್ಲಾದರೂ ಆವೇಶ ಕಂಡರೆ ಅದು ವ್ಯಾಕರಣದ್ದು, ನನ್ನದಲ್ಲ.

ಅವನು ಬಹಳ ದಿನ ಉಳಿಯಲಿಲ್ಲ. ವಾರ್ಡಿಗೆ ಹೋಗುತ್ತಿದ್ದೆ. ಕೊನೆಕೊನೆಗೆ ಮಾತು ಕಡಿಮೆಯಾಗಿತ್ತು. "ಕೆಮ್ಮು ಬಂದ್ಮೇಲೇ ಬಂದಿದ್ದೀನಿ ಡಾಕ್ಟ್ರೇ, ರೂಲ್ಸ್ ಮುರಿದಿಲ್ಲ" ಎಂದು ಒಮ್ಮೆ ತಮಾಷೆ ಮಾಡಿದ. ದೊಡ್ಡಣ್ಣ ಅವನ ಕಾಲು ಒತ್ತುತ್ತ ಕೂತಿರುತ್ತಿದ್ದ. ತಮ್ಮ ತೀರಿಕೊಂಡ ಮೇಲೆ ಒಂದು ದಿನ ನನ್ನ ಕೋಣೆಗೆ ಬಂದ.

"ಪಡಸಾಲೇಲಿ ನನ್ನ ಫೋಟೋ ಹಾಕಿದ್ದೀರಲ್ಲ, ಅದನ್ನ ತೆಗೆಸ್ತೀರಾ? ಅವನನ್ನ ವಾರ್ಡಿಂದ ಆಚೆ ತಂದಾಗ ಅದರ ಮುಂದೇನೇ ತಂದ್ರು. ನಾನು ಗೋಡೆ ಮೇಲೆ ನಗ್ತಾ ಇದ್ದೆ."

ತೆಗೆಸಲು ಅರ್ಜಿ ಕೊಟ್ಟಿದ್ದೇನೆ. ಪರಿಶೀಲನೆಯಲ್ಲಿದೆ.

ಇನ್ನು ತಮಗೆ ಗೊತ್ತಿಲ್ಲದ ಸಂಗತಿಗೆ ಬರುತ್ತೇನೆ. ಮುಂದಿನ ಸುತ್ತಿನಲ್ಲಿ ಆ ಶೆಡ್ಡಿನವರೆಲ್ಲ ಧೂಮಪಾನಿಗಳಾಗಿದ್ದರು. ಒಬ್ಬರ ಹಿಂದೆ ಒಬ್ಬರು ಬಂದು, ಕೇಳುವ ಮೊದಲೇ "ಸೇದ್ತೀನಿ, ಮೊದಲಿಂದಾನೂ, ಜಾಸ್ತಿ" ಎಂದರು. ಕಲ್ಲು ತೊಳೆಯುವ ಅಜ್ಜಿಯೊಬ್ಬರು ಬಂದರು. "ಏನು ಸೇದ್ತೀರಿ ಅಜ್ಜಿ?" ಎಂದೆ. "ಏನಿದ್ರೆ ಸ್ಕ್ಯಾನ್ ಮಾಡ್ತೀಯವ್ವಾ? ಅದನ್ನೇ ಬರ್ಕೋ" ಎಂದರು. ಬರೆದುಕೊಂಡೆ. ಎಲ್ಲರದ್ದೂ ಹೇಳಿದಂತೆಯೇ ಬರೆದುಕೊಂಡೆ. ಆ ಅಂಕಿಅಂಶ ತಮ್ಮ ಮೇಜಿಗೆ ಬಂದಿರಬೇಕು, ಏಕೆಂದರೆ ಕಲ್ಲುಕೆಲಸದವರಲ್ಲಿ ತಂಬಾಕು ಪಿಡುಗು ಆತಂಕಕಾರಿಯಾಗಿ ಹಬ್ಬಿದೆ ಎಂದು ತಾವು ಭಾಷಣ ಮಾಡಿದಿರಿ. ಆ ಶೆಡ್ಡಿಗೇ ಒಂದು ತಂಡ ಹೋಗಿ, ಇಲ್ಲದ ಚಟವನ್ನು ಬಿಡುವಂತೆ ಜನರಿಗೆ ಬುದ್ಧಿ ಹೇಳಿ ಬಂತು. ಎಲ್ಲರೂ ಬಿಡುತ್ತೇವೆಂದು ಪ್ರಮಾಣ ಮಾಡಿದರಂತೆ.

ಸೇದದವರಿಗೆ ದೂಳಿನಿಂದ ಎಷ್ಟು ಅಪಾಯವೆಂದು ತೋರಿಸುವುದೇ ನನ್ನ ಸಂಶೋಧನೆ. ಈಗ ನನ್ನ ದಾಖಲೆಯಲ್ಲಿ ಸೇದದವರೇ ಇಲ್ಲ. ಅದನ್ನು ಯಾವ ವೈದ್ಯಕೀಯ ಪತ್ರಿಕೆಗೂ ಕಳಿಸುವಂತಿಲ್ಲ, ಕಳಿಸುವುದೂ ಇಲ್ಲ. ಇಷ್ಟು ವರ್ಷದ ಕೆಲಸ ಹೀಗೆ ಮುಗಿಯಿತು. ದುಃಖವಾಗಬೇಕಿತ್ತು ಅನ್ನಿಸುತ್ತದೆ. ಆದರೆ ಸೇದುತ್ತೇವೆಂದು ಹೇಳಿ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಇಬ್ಬರಿಗೆ ಚಿಕ್ಕ ಗಂಟು ಸಿಕ್ಕಿತು, ಇಬ್ಬರೂ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಹೋದರು. ಅವರು ಯಾರೆಂದು ತಾವು ಕೇಳಿದರೆ ನಾನು ಹೇಳುವುದಿಲ್ಲ. ಸುಳ್ಳೆಂದು ತಿಳಿದೂ ಬರೆದುಕೊಂಡವಳು ನಾನು. ಕ್ರಮ ಜರುಗಿಸುವುದಿದ್ದರೆ ನನ್ನ ಮೇಲೆ ಜರುಗಿಸಿ.

ಆ ಸಾಲಿನ ಕೊನೆಯಲ್ಲಿ ಚಿಕ್ಕಣ್ಣನ ಹೆಂಡತಿ ನಿಂತಿದ್ದರು. ಆಕೆಯೂ ಅದೇ ಶೆಡ್ಡಿನಲ್ಲಿ ಕಲ್ಲಿನ ಪುಡಿ ಗುಡಿಸುವವರು. ಏನು ಹೇಳಬೇಕೆಂದು ಮಿಕ್ಕವರು ಹೇಳಿಕೊಟ್ಟು ಕಳಿಸಿದ್ದರು. ಭಾವ ದೊಡ್ಡಣ್ಣನೇ ಬಸ್ಸಿನ ಬಾಗಿಲಿನ ತನಕ ಬಿಟ್ಟುಹೋಗಿದ್ದ. ಕುರ್ಚಿಯಲ್ಲಿ ಕೂತರು. ನಾನು ಕೇಳಿದೆ. ಆಕೆ ಬಾಗಿಲ ಕಡೆ ತಿರುಗಿ ನೋಡಿದರು.

"ಹೂಂ ಅನ್ನಿ ಸಾಕು" ಎಂದು ಮೆಲ್ಲಗೆ ಹೇಳಿದೆ.

"ನಮ್ಮನೆಯವ್ರು ಅದನ್ನ ಮುಟ್ಟಿದೋರಲ್ಲ ಡಾಕ್ಟ್ರೇ. ಮನೆಯೊಳಗೆ ಯಾರಿಗೂ ಸೇದೋಕೆ ಬಿಡ್ತಿರ್ಲಿಲ್ಲ. ಅದೊಂದು ಅವ್ರಿಗೆ ದೊಡ್ಡ ಹೆಮ್ಮೆ. ಈಗ ಅವ್ರ ಹೆಂಡ್ತಿ ಸೇದ್ತಾಳೆ ಅಂತ ನನ್ ಬಾಯಲ್ಲೇ ಹೇಗೆ ಹೇಳ್ಲಿ?"

"ನೀವು ಹೇಳ್ಬೇಡಿ. ನಾನು ಬರ್ಕೋತೀನಿ."

ಆಕೆ ಕೈ ಚಾಚಿ ನನ್ನ ಪೆನ್ನು ಹಿಡಿದುಕೊಂಡರು. "ಬೇಡ" ಎಂದರು. ಎದ್ದು, ಸೆರಗು ಸರಿಮಾಡಿಕೊಂಡು, ಮೆಟ್ಟಿಲಿಳಿದು ಕೆಲಸಕ್ಕೆ ಹೋದರು.

ಮಾನ್ಯರೇ, ನನ್ನ ಬೇಡಿಕೆ ಒಂದೇ. ತಮ್ಮ ಸುತ್ತೋಲೆಯಲ್ಲಿ "ಸೇದುತ್ತೀರಾ?" ಎಂಬ ಪ್ರಶ್ನೆಯ ಕೆಳಗೆ ಇನ್ನೊಂದು ಪ್ರಶ್ನೆ ಸೇರಿಸಿ: "ಏನು ಕೆಲಸ ಮಾಡುತ್ತೀರಿ?" ಆ ಹೆಂಗಸು ಅದಕ್ಕೆ ನಿಜವಾದ ಉತ್ತರ ಹೇಳಬಲ್ಲರು. ಆಕೆಗೆ ಇನ್ನೂ ಕೆಮ್ಮು ಬಂದಿಲ್ಲ. ನಾನು ವಿಚಾರಿಸುತ್ತಿರುತ್ತೇನೆ.

ಇಂತಿ,
ನಿಜ ಹೇಳಿದವರನ್ನು ಮಾತ್ರ ವಾಪಸ್ ಕಳಿಸುತ್ತಿರುವ,
ತಮ್ಮದೇ ಇಲಾಖೆಯ ರೇಡಿಯಾಲಜಿಸ್ಟ್