ನೆಲಮಾಳಿಗೆಗೆ ಇಳಿಯಬೇಡಿ

ರೀ,

ಹೊರಬಾಗಿಲಿನಲ್ಲೇ ನಿಂತು ಇದನ್ನು ಓದಿ. ಕೈಮುಗಿಯುತ್ತೇನೆ, ಒಳಗೆ ಹೋಗಬೇಡಿ. ಫೋನನ್ನು ಇವತ್ತೂ ಮನೆಯಲ್ಲೇ ಬಿಟ್ಟು ಹೋಗಿದ್ದೀರಿ, ನಿಮಗೆ ಹೇಗೆ ತಿಳಿಸಲಿ?

ನಿನ್ನೆ ನೀವು ನೆಲಮಾಳಿಗೆಯ ನೆಲವನ್ನು ಗೋಡೆಯ ಬುಡದವರೆಗೂ ಅಗೆದಿರಲ್ಲ, ಇಂದು ಅಲ್ಲಿ ಪಾಯದ ಕಲ್ಲೊಂದು ಜಾರಿ ಬಿತ್ತು. ಮೇಲೆ ಅತ್ತೆಯ ಖೋಲಿಯ ಗೋಡೆ ಬಿರುಕು ಬಿಟ್ಟಿದೆ. ಬಾಗಿಲು ಮುಚ್ಚಲು ಬರುತ್ತಿಲ್ಲ.

ಅತ್ತೆ ಮಂಚ ಬಿಟ್ಟು ಏಳಲೇ ಇಲ್ಲ. "ನನ್ನ ಮಗ ಮಾಡಿದ ಕೆಲಸಕ್ಕ ಮನಿ ಬೀಳತೈತೇನ?" ಎಂದು ನನ್ನನ್ನೇ ಬೈದರು. ಕೊನೆಗೆ ನಾನು ಅತ್ತುಬಿಟ್ಟೆ. ಅದನ್ನು ನೋಡಿ ಎದ್ದು ಬಂದರು. ಪಕ್ಕದ ಗೌರಕ್ಕನ ಮನೆಯಲ್ಲಿ ಕೂರಿಸಿದ್ದೇನೆ. ಊಟ ಮುಟ್ಟಿಲ್ಲ, ನೀವೇ ಉಣಿಸಿ.

ಗೌಂಡಿ ಮಹಾಂತೇಶಣ್ಣ ಫೋನ್ ಎತ್ತುತ್ತಿಲ್ಲ. ಯಮಕನಮರಡಿಗೆ ಹೋಗಿ ಅವರನ್ನು ಕರೆದುಕೊಂಡೇ ಬರುತ್ತೇನೆ. ಅವರು ಗೋಡೆಗೆ ಆಧಾರ ಕೊಡುವವರೆಗೆ, ಜಾರಿದ ಕಲ್ಲನ್ನು ನಾನೇ ಕೂರಿಸುತ್ತೇನೆಂದು ನೀವು ಇಳಿಯಬೇಡಿ. ನಿಮ್ಮ ಹಟ ನನಗೆ ಗೊತ್ತು.

ಕೆಳಗೆ ತಲೆ ಚಾವಣಿಗೆ ತಾಗದಂತೆ ಮಾಡಿ ನನಗೆ ಹೊಲಿಗೆ ಅಂಗಡಿ ಹಾಕಿಕೊಡಬೇಕೆಂದು ಅಗೆದಿರಿ, ಅದೂ ಗೊತ್ತು. ಅಗೆದ ಮಣ್ಣನ್ನೆಲ್ಲ ತಿರುಗಿ ತುಂಬಿಬಿಡೋಣ. ನನಗೆ ಅಂಗಡಿ ಬೇಡ ರೀ. ನಾನು ಬರುವಾಗ ನೀವು ಬೀದಿಯಲ್ಲಿ ನಿಂತಿರಬೇಕು, ಅಷ್ಟೇ.

ವಿದ್ಯಾ